ತಾಲೂಕು ಊರಿನ ಟಾಕೀಸು ಯಾಕೆ ಮುಚ್ಚಿತು? ಒಳಗಿನ ಸಂಗತಿ ಗೊತ್ತಿದ್ದವರು ಹೇಳಿ

ತುಂಗಾತೀರ

ನಮ್ಮ ಊರಿನ ಕೊನೆಯ ಟಾಕೀಸು ಪೂರ್ತಿ ಮುಗಿದುಹೋಯಿತು. ಬೀಗ ಬಿದ್ದು ಬಹಳ ದಿನ ಆಗಿತ್ತು. ಆದರೂ ಹಬ್ಬಕ್ಕೋ, ದೊಡ್ಡ ಸಿನಿಮಾಕ್ಕೋ ಮತ್ತೆ ತೆರೀತಾರೆ ಅನ್ನುವ ಆಸೆ ಇತ್ತು. ಈಗ ಕುರ್ಚಿಗಳನ್ನೂ ಗುಜರಿಗೆ ಹಾಕಿದ್ದಾರೆ.

ಮಲೆನಾಡಿನ ಒಂದು ತಾಲೂಕು ಕೇಂದ್ರ ನಮ್ಮದು. ಒಂದು ಕಾಲಕ್ಕೆ ಇಲ್ಲಿ ಎರಡು ಪರ್ಮನೆಂಟ್ ಟಾಕೀಸು ಇದ್ದವು. ಮಳೆಗಾಲ ಮುಗಿದ ಮೇಲೆ ಸುತ್ತಲಿನ ಹಳ್ಳಿಗಳಿಗೆ ಟೆಂಟು ಬರುತ್ತಿತ್ತು. ಈಗ ಸಿನಿಮಾ ನೋಡಬೇಕು ಅಂದರೆ ಶಿವಮೊಗ್ಗಕ್ಕೇ ಹೋಗಬೇಕು. ಸಂಜೆ ಆಟ ನೋಡಿದರೆ ವಾಪಸ್ ಬರಲು ಬಸ್ಸು ಸಿಗಲ್ಲ.

ಊರಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ. ಮೊಬೈಲ್ ಬಂತು, ಜನ ಬರೋದು ಬಿಟ್ಟರು. ನನಗೆ ಇದು ಪೂರ್ತಿ ಸರಿ ಅನ್ನಿಸುತ್ತಿಲ್ಲ. ಜಿಯೊ ಶುರುವಾಗಿದ್ದು 2016ರ ಸೆಪ್ಟೆಂಬರಲ್ಲಿ. ನಮ್ಮ ಮೊದಲನೇ ಟಾಕೀಸು ಅದಕ್ಕಿಂತ ಎಷ್ಟೋ ಮುಂಚೆಯೇ ಕಲ್ಯಾಣ ಮಂಟಪ ಆಗಿತ್ತು. ಇನ್ನು 2022ರಲ್ಲಿ ಕೆಜಿಎಫ್ ಎರಡನೇ ಭಾಗಕ್ಕೆ, ಆಮೇಲೆ ಕಾಂತಾರಕ್ಕೆ ಇದೇ ಟಾಕೀಸಿನ ಮುಂದೆ ರಸ್ತೆ ತುಂಬಿಹೋಗಿತ್ತು. ಆಗಲೂ ಎಲ್ಲರ ಜೇಬಲ್ಲಿ ಮೊಬೈಲ್ ಇತ್ತಲ್ವಾ? ಮತ್ತೆ ಆ ಜನ ಎಲ್ಲಿಂದ ಬಂದರು?

ಟಾಕೀಸಲ್ಲಿ ಕೆಲಸ ಮಾಡಿದವರು, ಸಿನಿಮಾ ಹಂಚಿಕೆ ಆಫೀಸಲ್ಲಿ ಇದ್ದವರು, ಮಾಲೀಕರ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಊರಿನ ಹೆಸರು, ಮಾಲೀಕರ ಹೆಸರು ಬೇಡ. ನಿಜವಾಗಿ ಏನಾಯಿತು ಅನ್ನೋದು ಬೇಕು.

ಬಯಲುಸೀಮೆ

ನಮ್ಮಲ್ಲೂ ಅದೇ ಕಥೆ. ತುಮಕೂರು ಜಿಲ್ಲೆಯ ಒಂದು ಹೋಬಳಿ ಊರು. ಟಾಕೀಸು ಇದ್ದ ಜಾಗದಲ್ಲಿ ಈಗ ಗೊಬ್ಬರದ ಗೋಡೌನ್. ಬಾಲ್ಕನಿ ಮೆಟ್ಟಿಲು ಹಾಗೇ ಇದೆ, ಮೇಲೆ ಮೂಟೆ ಜೋಡಿಸಿದ್ದಾರೆ.

ಬರೀ ಸಣ್ಣ ಊರಿನ ಸಮಸ್ಯೆ ಅಂತಲೂ ಅಲ್ಲ. ಬೆಂಗಳೂರಿನ ಗಾಂಧಿನಗರದ ಕಪಾಲಿ 1968ರಲ್ಲಿ ಶುರುವಾಗಿದ್ದು. 2017ರಲ್ಲಿ ಮುಚ್ಚಿ ಕೆಡವಿದರು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯಲ್ಲಿ ಹೋಯಿತು. ಮೈಸೂರಲ್ಲಿ ಕೊರೊನಾ ಸಮಯಕ್ಕೆ ಶಾಂತಲಾ ಮುಚ್ಚಿತು. ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ. ಅಷ್ಟು ದೊಡ್ಡ ಊರಲ್ಲೇ ನಿಲ್ಲಲಿಲ್ಲ.

ತುಂಗಾತೀರ

ಹೌದು, ಆದರೆ ಕಪಾಲಿ ಹೋದರೂ ಬೆಂಗಳೂರಿನವರಿಗೆ ಸಿನಿಮಾ ತಪ್ಪಲಿಲ್ಲ. ಅಲ್ಲಿ ಬೇರೆ ಪರದೆ ಇದೆ. ನಮ್ಮಲ್ಲಿ ಇದ್ದಿದ್ದು ಒಂದೇ. ಅದು ಹೋದರೆ ಇಡೀ ತಾಲೂಕಿಗೇ ಸಿನಿಮಾ ಇಲ್ಲ. ಅದಕ್ಕೇ ಸಣ್ಣ ಊರಿನದು ಬೇರೆ ಪ್ರಶ್ನೆ ಅಂತ ನಾನು ಹೇಳೋದು.

ಹಳೇ ಹಂಚಿಕೆ

ನಾನು ಗಾಂಧಿನಗರದ ಹಂಚಿಕೆ ಆಫೀಸುಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಬಿಕೆಟಿ ಏರಿಯಾ, ಅಂದರೆ ಬೆಂಗಳೂರು, ಕೋಲಾರ, ತುಮಕೂರು. ಜನ ಬರಲ್ಲ ಅನ್ನೋದು ಕೊನೆಯಲ್ಲಿ ಕಾಣುವ ಸಂಗತಿ. ಅದಕ್ಕೆ ಮೊದಲು ಸಿನಿಮಾ ಬಿಡುಗಡೆ ಮಾಡುವ ರೀತಿಯೇ ಬದಲಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ಯಾರೂ ಹೇಳಲ್ಲ.

ಹಿಂದೆ ಒಂದು ಪ್ರಿಂಟ್, ಅಂದರೆ ಸಿನಿಮಾದ ಒಂದು ಫಿಲ್ಮ್ ಪ್ರತಿ, ಮಾಡಿಸಲು ಅರ್ಧ ಲಕ್ಷದ ಮೇಲೆ ಖರ್ಚು ಬರುತ್ತಿತ್ತು. ಹಾಗಾಗಿ ನಿರ್ಮಾಪಕರು ಎಣಿಸಿ ಪ್ರಿಂಟ್ ಹಾಕಿಸುತ್ತಿದ್ದರು. ಮೊದಲು ಎ ಸೆಂಟರ್, ಅಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಥರದ ಊರು. ಅಲ್ಲಿ ಓಡಿ ಮುಗಿದ ಮೇಲೆ ಅದೇ ಡಬ್ಬಗಳು ಬಿ ಸೆಂಟರಿಗೆ ಬಸ್ಸಿನ ಮೇಲೆ ಹೋಗುತ್ತಿದ್ದವು. ಆಮೇಲೆ ಸಿ ಸೆಂಟರ್. ಕೊನೆಗೆ ಟೆಂಟು. ಒಂದು ಸಿನಿಮಾ ಗಾಂಧಿನಗರದಿಂದ ಹೊರಟು ನಿಮ್ಮ ತಾಲೂಕಿಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಬರುವ ಹೊತ್ತಿಗೆ ಆ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಲ್ಲರಿಗೂ ಗೊತ್ತಾಗಿರುತ್ತಿತ್ತು. ಟಾಕೀಸಿನವರು ನೋಡಿ ತರುತ್ತಿದ್ದರು. ಪ್ರಿಂಟಿನ ಮೇಲೆ ಗೆರೆ ಬಿದ್ದಿರುತ್ತಿತ್ತು, ನಿಜ. ಆದರೆ ಬಾಡಿಗೆ ಕಡಿಮೆ, ರಿಸ್ಕ್ ಇನ್ನೂ ಕಡಿಮೆ. ನಡುವೆ ಯಾವುದೂ ಸಿಗದ ವಾರ ರಾಜ್‌ಕುಮಾರ್ ಅವರ ಹಳೇ ಚಿತ್ರ ಹಾಕಿದರೂ ಖರ್ಚು ಗಿಟ್ಟುತ್ತಿತ್ತು.

2012–13ರ ಹೊತ್ತಿಗೆ ಫಿಲ್ಮೇ ಹೋಯಿತು. 2012ರಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಫ್ಯೂಜಿ 2013ರಲ್ಲಿ ಸಿನಿಮಾ ಫಿಲ್ಮ್ ತಯಾರಿಸೋದನ್ನೇ ನಿಲ್ಲಿಸಿತು. ಎಲ್ಲ ಕಡೆ ಡಿಜಿಟಲ್ ಬಂತು. ಯುಎಫ್‌ಒ, ಕ್ಯೂಬ್ ಅನ್ನುವ ಡಿಜಿಟಲ್ ಕಂಪನಿಗಳು ಬಂದವು. ಈಗ ಒಂದೇ ಶುಕ್ರವಾರ ಇಡೀ ರಾಜ್ಯದಲ್ಲಿ ಬಿಡುಗಡೆ. ಸಣ್ಣ ಊರಿನವರಿಗೆ ಆಗ ಬಹಳ ಖುಷಿ ಆಯಿತು. ಬೆಂಗಳೂರಲ್ಲಿ ನೋಡಿದ ದಿನವೇ ನಾವೂ ನೋಡ್ತೀವಿ ಅಂತ. ನನಗೂ ಒಳ್ಳೇದೇ ಅನ್ನಿಸಿತ್ತು.

ಆದರೆ ಅದರ ಬೆಲೆ ಏನು ನೋಡಿ. ಮೊದಲ ದಿನವೇ ಸಿನಿಮಾ ಬೇಕು ಅಂದರೆ ಅಡ್ವಾನ್ಸ್ ಕಟ್ಟಬೇಕು ಅಥವಾ ಮಿನಿಮಮ್ ಗ್ಯಾರಂಟಿ, ಅಂದರೆ ಸಿನಿಮಾ ಓಡಲಿ ಬಿಡಲಿ ಇಷ್ಟು ದುಡ್ಡು ಅಂತ, ಕೊಡಬೇಕು. ಸಿನಿಮಾ ಹೇಗಿದೆ ಅಂತ ಯಾರಿಗೂ ಗೊತ್ತಿಲ್ಲ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿಲ್ಲ ಅಂತ ಸುದ್ದಿ ಹಬ್ಬಿದರೆ ಸೋಮವಾರ ಹಾಲ್ ಖಾಲಿ. ಎರಡನೇ ವಾರ ಅನ್ನೋದೇ ಇಲ್ಲ. ದಕ್ಷಿಣದ ಬಹಳಷ್ಟು ಸಿನಿಮಾ ನಾಲ್ಕು ವಾರಕ್ಕೆಲ್ಲ ಓಟಿಟಿಗೆ ಬಂದುಬಿಡುತ್ತದೆ. ಬಿ, ಸಿ ಸೆಂಟರ್ ಅನ್ನುವ ವ್ಯಾಪಾರವೇ ಇಲ್ಲವಾಯಿತು. ನಿಮ್ಮ ಊರಿನ ಟಾಕೀಸು ಬದುಕಿದ್ದೇ ಆ ವ್ಯಾಪಾರದಲ್ಲಿ.

ಇನ್ನೊಂದು. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಸಿನಿಮಾ ಬರುತ್ತವೆ. ಆದರೆ ತಾಲೂಕು ಊರಲ್ಲಿ ಹಾಲ್ ತುಂಬಿಸುವಂಥವು ಬೆರಳೆಣಿಕೆ. ದೊಡ್ಡ ನಟರು ಎರಡು ಮೂರು ವರ್ಷಕ್ಕೆ ಒಂದು ಸಿನಿಮಾ ಮಾಡಿದರೆ ಮಧ್ಯದ ವಾರಗಳಲ್ಲಿ ಟಾಕೀಸಿನವರು ಏನು ಹಾಕಬೇಕು? 2022ರಲ್ಲಿ ರಸ್ತೆ ತುಂಬಿದ್ದನ್ನು ನೀವು ನೋಡಿದ್ದೀರಿ. ಆ ವರ್ಷದ ಉಳಿದ ವಾರಗಳನ್ನು ನೋಡಿದವರು ಮಾಲೀಕರು ಮಾತ್ರ.

ಕಾಲೇಜ್ ರೋಡ್

ಲೆಕ್ಕ ಅರ್ಥ ಆಯಿತು. ಆದರೆ ನಮ್ಮ ವಯಸ್ಸಿನವರ ಕಡೆಯಿಂದ ಒಂದು ಮಾತು. ನಾವು ಯಾಕೆ ಹೋಗಬೇಕಿತ್ತು? ಮಾತು ಕೇಳಿಸಲ್ಲ, ಬರೀ ಡಬ್ ಡಬ್ ಸದ್ದು. ಪರದೆ ಮೇಲೆ ತೇವದ ಕಲೆ. ಫ್ಯಾನ್ ಇದ್ದ ಕಡೆ ಕುರ್ಚಿ ಮುರಿದಿರುತ್ತೆ, ಕುರ್ಚಿ ಇದ್ದ ಕಡೆ ಫ್ಯಾನ್ ತಿರುಗಲ್ಲ. ಶೌಚಾಲಯದ ವಿಷಯ ಹೇಳೋದೇ ಬೇಡ. ಟಾಕೀಸು ಮುಚ್ಚಿದ್ದಕ್ಕೆ ಬೇಜಾರಿದೆ. ಆದರೆ ಅದು ನಮ್ಮನ್ನು ಬಾ ಅಂತ ಯಾವತ್ತೂ ಕರೆಯಲಿಲ್ಲ. ಶಿವಮೊಗ್ಗಕ್ಕೆ ಬಸ್ ಚಾರ್ಜ್ ಕೊಟ್ಟು ಹೋಗಿ ನೋಡಿದರೂ ದುಡ್ಡು ಕೊಟ್ಟಿದ್ದಕ್ಕೆ ಸರಿಯಾಗಿ ಸಿನಿಮಾ ಕಾಣುತ್ತೆ, ಕೇಳುತ್ತೆ.

ಮಾಜಿ ಆಪರೇಟರ್

ತಮ್ಮಾ, ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಯಾವಾಗಲೂ ಹಾಗೆ ಇರಲಿಲ್ಲ. ಅದನ್ನು ಹೇಳಬೇಕು.

ನಾನು ಆಪರೇಟರ್ ಲೈಸೆನ್ಸ್ ತೆಗೆದುಕೊಂಡು ಎರಡು ಊರುಗಳಲ್ಲಿ ಪ್ರೊಜೆಕ್ಟರ್ ನಡೆಸಿದವನು. ಶುರುವಿನಲ್ಲಿ ಕಾರ್ಬನ್ ಆರ್ಕ್. ತಾಮ್ರದ ಲೇಪನ ಇರುವ ಎರಡು ಕಡ್ಡಿ, ಒಂದು ಪಾಸಿಟಿವ್, ಒಂದು ನೆಗೆಟಿವ್. ತುದಿಗಳ ನಡುವೆ ಬೆಂಕಿ ಹತ್ತಿ ಬಿಳೀ ಬೆಳಕು ಬರುತ್ತೆ. ಕಡ್ಡಿ ಉರಿದು ಸವೆಯುತ್ತಾ ಹೋಗುತ್ತೆ. ಅದನ್ನು ಸರಿಸುತ್ತಲೇ ಇರಬೇಕು. ಒಂದು ನಿಮಿಷ ಮೈಮರೆತರೆ ಪರದೆ ಹಳದಿ ತಿರುಗುತ್ತೆ, ಕೆಳಗಿಂದ ‘ಲೈಟ್, ಲೈಟ್’ ಅಂತ ಕೂಗು, ಸಿಳ್ಳೆ. ರೂಮಿನೊಳಗೆ ಬೇಸಿಗೆಯಲ್ಲಿ ಬನಿಯನ್ನಿನ ಮೇಲೂ ನಿಲ್ಲೋಕೆ ಆಗ್ತಿರಲಿಲ್ಲ.

ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ. ಎರಡೂವರೆ ಗಂಟೆ ಸಿನಿಮಾಕ್ಕೆ ಹದಿನಾಲ್ಕು ರೀಲು. ಎರಡು ಮಿಷನ್. ಒಂದರಲ್ಲಿ ರೀಲು ಮುಗಿಯುವಾಗ ಪರದೆಯ ಬಲ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತೆ. ಅಲ್ಲಿ ಎರಡನೇ ಮಿಷನ್ ಮೋಟಾರ್ ಹಾಕಬೇಕು. ಎರಡನೇ ಚುಕ್ಕೆಗೆ ಬದಲಿಸಬೇಕು. ಜನಕ್ಕೆ ಗೊತ್ತೇ ಆಗಬಾರದು. ಫಿಲ್ಮ್ ಕಟ್ ಆದರೆ ತುದಿ ಕೆರೆದು ಫಿಲ್ಮ್ ಸಿಮೆಂಟ್ ಅನ್ನುವ ಅಂಟು ಹಚ್ಚಿ ಅಂಟಿಸಬೇಕು. ಅಂಟಿಸುವಾಗ ಕತ್ತರಿಸಿ ಬಿಸಾಕಿದ ತುಂಡುಗಳಿಗೆ ಹುಡುಗರು ರೂಮಿನ ಹೊರಗೆ ಕಾಯುತ್ತಿದ್ದರು. ಬಲ್ಬಿಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಬಿಟ್ಟು, ಆ ತುಂಡುಗಳನ್ನು ಗೋಡೆ ಮೇಲೆ ನೋಡುತ್ತಿದ್ದರು. ನಿಮ್ಮಲ್ಲಿ ಕೆಲವರು ಆ ಹುಡುಗರೇ ಇರಬಹುದು.

ದೊಡ್ಡ ಸಿನಿಮಾ ಬಂದರೆ ಒಂದೇ ಪ್ರಿಂಟ್ ಎರಡು ಟಾಕೀಸಿಗೆ. ಅಲ್ಲಿ ಅರ್ಧ ಗಂಟೆ ಮೊದಲು ಆಟ ಶುರು, ಇಲ್ಲಿ ಆಮೇಲೆ. ಸೈಕಲ್ ಮೇಲೆ ರೀಲು ತರುವ ಹುಡುಗ ಬರುವ ತನಕ ನನ್ನ ಜೀವ ಬಾಯಿಗೆ ಬಂದಿರುತ್ತಿತ್ತು.

ಡಿಜಿಟಲ್ ಬಂದ ಮೇಲೆ ಏನಾಯಿತು ಗೊತ್ತಾ? ಮಿಷನ್ ನಮ್ಮದಲ್ಲ. ಕಂಪನಿಯದು. ಡಬ್ಬಿ ತೆರೆಯುವ ಹಾಗಿಲ್ಲ. ಸಿನಿಮಾ ಸ್ಯಾಟಲೈಟಲ್ಲಿ ಬರುತ್ತೆ, ಲೈಸೆನ್ಸ್ ಕೋಡ್ ಬಂದರೆ ಓಡುತ್ತೆ. ಬರದಿದ್ದರೆ ಫೋನ್ ಹಿಡಿದು ಕೂರಬೇಕು. ಮೊದಲು ಏನೇ ಕೆಟ್ಟರೂ ನಾನು ಸರಿ ಮಾಡುತ್ತಿದ್ದೆ. ಆಮೇಲೆ ಲ್ಯಾಂಪ್ ಮಂಕಾದರೂ ಹೊಸದು ಬರುವ ತನಕ ಅದೇ ಮಂಕು ಬೆಳಕಲ್ಲೇ ಆಟ. ನೀನು ನೋಡಿದ್ದು ಆ ಕಾಲದ ಟಾಕೀಸು.

ಜಾಹೀರಾತು ಕೂಡ ಹೋಯಿತು. ಮೊದಲು ಊರಿನ ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಫೋಟೋ ಸ್ಟುಡಿಯೋ ಎಲ್ಲರದೂ ಗಾಜಿನ ಸ್ಲೈಡ್ ಇರುತ್ತಿತ್ತು. ಇಂಟರ್‌ವಲ್‌ನಲ್ಲಿ ಒಂದೊಂದೇ ಹಾಕುತ್ತಿದ್ದೆ. ಆ ದುಡ್ಡು ಟಾಕೀಸಿಗೇ ಬರುತ್ತಿತ್ತು. ಡಿಜಿಟಲ್ ಕಂಪನಿ ಜೊತೆ ಕರಾರು ಮಾಡಿಕೊಂಡ ಮೇಲೆ ಪರದೆಯ ಜಾಹೀರಾತು ಬಹುಮಟ್ಟಿಗೆ ಅವರ ಕೈಗೆ ಹೋಯಿತು.

ತುಂಗಾತೀರ

ಅಣ್ಣಾ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಬಹಳ ಥ್ಯಾಂಕ್ಸ್. ಸ್ಲೈಡ್ ವಿಷಯ ಗೊತ್ತೇ ಇರಲಿಲ್ಲ.

ಲೇಡೀಸ್ ಕೌಂಟರ್

ಇಲ್ಲಿವರೆಗೆ ಬರೆದವರೆಲ್ಲ ಗಂಡಸರು ಅನ್ನಿಸುತ್ತೆ. ನೀವು ಹೇಳದ ಒಂದು ಸಂಗತಿ ಇದೆ. ನನ್ನ ಪ್ರಕಾರ ಅದೇ ಮುಖ್ಯ.

ಸಣ್ಣ ಊರಿನ ಟಾಕೀಸನ್ನು ಸಾಕಿದ್ದು ಹೆಂಗಸರು. ಫ್ಯಾಮಿಲಿ ಪಿಕ್ಚರ್ ಅಂತ ಹೆಸರು ಬಂದರೆ ಸಾಕು, ವಾರಗಟ್ಟಲೆ ಮ್ಯಾಟಿನಿ ತುಂಬುತ್ತಿತ್ತು. ಗಂಡಸರು ಮೊದಲ ದಿನ ಸಿಳ್ಳೆ ಹೊಡೆದು ಹೋಗಿಬಿಡುತ್ತಿದ್ದರು. ಆಮೇಲೆ ಆ ಸಿನಿಮಾವನ್ನು ಓಡಿಸುತ್ತಿದ್ದವರು ನಮ್ಮ ಅಮ್ಮಂದಿರು, ಅತ್ತೆಯಂದಿರು. ಬೆಳಗ್ಗೆ ಕೆಲಸ ಮುಗಿಸಿ, ಮಧ್ಯಾಹ್ನ ಅಡುಗೆ ಮುಚ್ಚಿಟ್ಟು, ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಹೊರಡುತ್ತಿದ್ದರು. ಸಂತೆ ದಿನ ಹಳ್ಳಿಯ ಹೆಂಗಸರು ಬುಟ್ಟಿ, ಚೀಲದ ಸಮೇತ ಬರುತ್ತಿದ್ದರು. ಹೆಂಗಸರಿಗೆ ಬೇರೆ ಕೌಂಟರ್, ಒಳಗೆ ಕೂರುವ ಜಾಗವೂ ಬೇರೆ. ದೇವಸ್ಥಾನ, ಮದುವೆ, ಆಸ್ಪತ್ರೆ ಬಿಟ್ಟರೆ ಮನೆಯಿಂದ ಹೊರಗೆ ಮೂರು ಗಂಟೆ ಕೂರಲು ಅವರಿಗೆ ಇದ್ದ ಜಾಗ ಅದೊಂದೇ. ಯಾರ ಅಪ್ಪಣೆಯೂ ಬೇಡದೆ ಅಳಬಹುದಿತ್ತು, ನಗಬಹುದಿತ್ತು.

ನಮ್ಮ ಅಮ್ಮ ಹೋಗುವಾಗ ಒಂದು ಚಿಕ್ಕ ಚೀಲದಲ್ಲಿ ಚಕ್ಕುಲಿ, ನೀರಿನ ತಂಬಿಗೆ ಇಟ್ಟುಕೊಳ್ಳುತ್ತಿದ್ದರು. ತಂಬಿಗೆಗೆ ಬಟ್ಟೆ ಕಟ್ಟಿರುತ್ತಿತ್ತು. ಇಂಟರ್‌ವಲ್‌ನಲ್ಲಿ ಆ ಸಾಲಿನ ಮಕ್ಕಳಿಗೆಲ್ಲ ಅದೇ ನೀರು. ಯಾರ ಮಗು ಯಾರ ತೊಡೆ ಮೇಲೆ ಮಲಗಿದೆ ಅಂತ ಯಾರೂ ನೋಡುತ್ತಿರಲಿಲ್ಲ.

ಇವರು ಬರುವುದು ನಿಲ್ಲಿಸಿದ್ದು ಯಾವಾಗ? ಮೊಬೈಲ್‌ಗಿಂತ ಬಹಳ ಮುಂಚೆ. 1994ರಲ್ಲಿ ಉದಯ ಟಿವಿ ಬಂತು. 2000ದ ಕೊನೆಗೆ ಈಟಿವಿ ಕನ್ನಡ ಬಂತು. ಧಾರಾವಾಹಿ ಶುರುವಾದವು. ಟಿವಿ ಮನೆಗೇ ಬಂತು, ಸರಿ. ಆದರೆ ಟಾಕೀಸೂ ಅವರನ್ನು ದೂಡಿತು. ಬಂದ ಸಿನಿಮಾಗಳಲ್ಲಿ ಬರೀ ಮಚ್ಚು, ಲಾಂಗು. ಮಕ್ಕಳ ಜೊತೆ ಕೂತು ನೋಡಲು ಆಗದ ಡೈಲಾಗು. ಹೆಂಗಸರ ಶೌಚಾಲಯಕ್ಕೆ ಬಾಗಿಲಿಲ್ಲ, ನೀರಿಲ್ಲ. ಕೆಲವು ಕಡೆ ಖರ್ಚು ಉಳಿಸಲು ಲೇಡೀಸ್ ಕೌಂಟರನ್ನೇ ಮುಚ್ಚಿದರು. ಆಮೇಲೆ ಮ್ಯಾಟಿನಿಗೆ ಜನ ಇಲ್ಲ ಅಂತ ಆ ಆಟಕ್ಕೆ ಎಂಥೆಂಥದೋ ಡಬ್ಬಿಂಗ್ ಸಿನಿಮಾ ಹಾಕಿದರು. ಪೋಸ್ಟರ್ ನೋಡಿದ ಮೇಲೆ ಹೆಂಗಸರು ಆ ರಸ್ತೆಯಲ್ಲೇ ನಡೆಯೋದು ಬಿಟ್ಟರು.

ಹಂಚಿಕೆಯವರು ಹೇಳಿದ ಲೆಕ್ಕವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಸೋಮವಾರ ಹಾಲ್ ಖಾಲಿ ಅಂದರಲ್ಲ, ಮೊದಲು ಸೋಮವಾರ, ಮಂಗಳವಾರ ಹಾಲ್ ತುಂಬಿಸುತ್ತಿದ್ದವರು ಯಾರು? ಆ ಜನವನ್ನು ಕಳೆದುಕೊಂಡ ದಿನವೇ ಟಾಕೀಸಿನ ಕಾಲು ಮುರಿಯಿತು. 2022ರಲ್ಲಿ ಕಾಂತಾರಕ್ಕೆ ಮತ್ತೆ ಹೆಂಗಸರು, ಅಜ್ಜಿಯರು ಬಂದರು. ಹೌಸ್‌ಫುಲ್ ಆಗಿದ್ದು ಅದಕ್ಕೇ. ಮೊದಲ ಮೂರು ದಿನದ ಹುಡುಗರಿಂದ ಅಲ್ಲ.

ಹಳೇ ಹಂಚಿಕೆ

ಅಮ್ಮಾ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಟಾಕೀಸಿಂದ ಬರುತ್ತಿದ್ದ ದಿನದ ಕಲೆಕ್ಷನ್ ರಿಪೋರ್ಟಲ್ಲಿ ನಾವು ಮೊದಲು ನೋಡುತ್ತಿದ್ದದ್ದು ಮಂಗಳವಾರದ ಮ್ಯಾಟಿನಿಯನ್ನೇ. ಅದು ನಿಂತರೆ ಸಿನಿಮಾ ನಿಂತಿತು ಅಂತ ಅರ್ಥ. ಭಾನುವಾರದ ಲೆಕ್ಕವನ್ನು ಯಾರೂ ನಂಬುತ್ತಿರಲಿಲ್ಲ. ಬಂಗಾರದ ಮನುಷ್ಯ 1972ರಲ್ಲಿ ಬಂದು ವರ್ಷ ಮೀರಿ ಓಡಿದ್ದು ಬರೀ ಯುವಕರಿಂದ ಅಲ್ಲ.

ಕರಾವಳಿಯಿಂದ

ನಮ್ಮ ಕಡೆಯ ಒಂದು ಮಾತು ಸೇರಿಸುತ್ತೇನೆ. ಲೇಡೀಸ್ ಕೌಂಟರ್ ಅವರು ಹೇಳಿದ್ದಕ್ಕೆ ತುಳು ಸಿನಿಮಾವೇ ಸಾಕ್ಷಿ. ಮೊದಲ ತುಳು ಚಿತ್ರ 1971ರಲ್ಲಿ ಬಂತು. ಆಮೇಲೆ ವರ್ಷಗಟ್ಟಲೆ ಹೆಚ್ಚೇನೂ ನಡೆಯಲಿಲ್ಲ. 2011ರಲ್ಲಿ ಒರಿಯರ್ದೊರಿ ಅಸಲ್ ಬಂದ ಮೇಲೆ ಜನ ಮತ್ತೆ ಟಾಕೀಸಿಗೆ ಬಂದರು, ಅದೂ ಮನೆ ಮಂದಿಯೆಲ್ಲ ಸೇರಿ. ನಾಟಕ ನೋಡುತ್ತಿದ್ದ ಜನವೇ ಸಿನಿಮಾಕ್ಕೆ ಬಂದಿದ್ದು. ಟಿವಿಯಲ್ಲಿ ಸಿಗದ ಭಾಷೆ, ಸಿಗದ ನಗು. ಕೆಲವು ವರ್ಷ ನಮ್ಮ ಕಡೆಯ ಟಾಕೀಸುಗಳಿಗೆ ಅದು ದೊಡ್ಡ ಆಸರೆ ಆಯಿತು.

ಆದರೂ ಮಂಗಳೂರಿನ ಜ್ಯೋತಿ ಉಳಿಯಲಿಲ್ಲ. ಟಾಕೀಸು ಇಲ್ಲದಿದ್ದರೂ ಆ ಸರ್ಕಲ್ಲಿಗೆ ಬಂದಾಗ ಬಸ್ ಕಂಡಕ್ಟರು ಇನ್ನೂ ‘ಜ್ಯೋತಿ’ ಅಂತಲೇ ಕೂಗುತ್ತಾರೆ. ಜಾಗಕ್ಕೆ ಬೆಲೆ ಬಂದ ಮೇಲೆ ಯಾವ ಸಿನಿಮಾ ಓಡಿದರೂ ಕಟ್ಟಡ ಉಳಿಯುವುದು ಕಷ್ಟ.

ಮಾಲೀಕರ ಮನೆಯಿಂದ

ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ನಮ್ಮ ಮನೆಯವರು ಒಂದು ತಾಲೂಕು ಊರಲ್ಲಿ ಟಾಕೀಸು ನಡೆಸಿದವರು. ಅದು ಯಾವ ಊರು ಅನ್ನೋದು ಬೇಡ. ಎಲ್ಲರೂ ಮಾಲೀಕರಿಗೆ ದುರಾಸೆ, ಜಾಗ ಮಾರಿ ದುಡ್ಡು ಮಾಡಿಕೊಂಡರು ಅಂತಾರೆ. ಅದಕ್ಕೆ ಲೆಕ್ಕ ಹೇಳುತ್ತೇನೆ.

ಉದಾಹರಣೆಗೆ 80 ರೂಪಾಯಿ ಟಿಕೆಟ್ ಇಟ್ಟುಕೊಳ್ಳಿ. ಒಂದು ಆಟಕ್ಕೆ 40 ಜನ, ದಿನಕ್ಕೆ ನಾಲ್ಕು ಆಟ. ಒಟ್ಟು 160 ಜನ, 12,800 ರೂಪಾಯಿ. ನಾವು ನಡೆಸುವಾಗ ಇದರೊಳಗೆ 12 ಪರ್ಸೆಂಟ್ ಜಿಎಸ್‌ಟಿ ಸೇರಿತ್ತು. ತೆಗೆದರೆ ಉಳಿಯೋದು ಸುಮಾರು 11,400. ಅರ್ಧ ಹಂಚಿಕೆದಾರರಿಗೆ. ನಮ್ಮ ಕೈಗೆ 5,700. ಇದರಲ್ಲಿ ಕರೆಂಟ್ ಬಿಲ್ಲು. ಟಾಕೀಸಿಗೆ ಕಮರ್ಷಿಯಲ್ ದರ. ಆಟ ನಡೆಯದ ತಿಂಗಳೂ ಫಿಕ್ಸೆಡ್ ಚಾರ್ಜ್ ತಪ್ಪಲ್ಲ. ಗೇಟಿನವರು, ಕೌಂಟರಿನವರು, ಆಪರೇಟರ್, ಗುಡಿಸುವವರು, ವಾಚ್‌ಮನ್. ಲೈಸೆನ್ಸ್ ರಿನ್ಯೂವಲ್ಲು, ಅಗ್ನಿಶಾಮಕದ ಎನ್‌ಒಸಿ, ವಿದ್ಯುತ್ ಪರಿವೀಕ್ಷಕರ ಸರ್ಟಿಫಿಕೇಟು, ಕಟ್ಟಡ ಗಟ್ಟಿಯಿದೆ ಅನ್ನುವ ಕಾಗದ. ಕಟ್ಟಡ ತೆರಿಗೆ ಬೇರೆ. ಶೌಚಾಲಯ ರಿಪೇರಿ ಮಾಡಿಸಿ ಅಂದಿರಿ. ಮಾಡಿಸಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ 40 ಜನ ಬರುವ ಹಾಲನ್ನು 700 ಜನಕ್ಕೆ ಕಟ್ಟಿರುತ್ತಾರೆ. ಗುಡಿಸೋದು 700 ಕುರ್ಚಿಯನ್ನೇ. ಸೋರೋದು ಇಡೀ ಶೀಟು.

ತೆರಿಗೆ ವಿಷಯ ಇನ್ನೊಂದು. ಮುಂಚೆ ಕನ್ನಡ ಸಿನಿಮಾಕ್ಕೆ ಮನರಂಜನಾ ತೆರಿಗೆ ವಿನಾಯಿತಿ ಇತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ನೂರು ರೂಪಾಯಿ ಒಳಗಿನ ಟಿಕೆಟ್ಟಿಗೂ 18 ಪರ್ಸೆಂಟ್. 2019ರ ಜನವರಿಯಲ್ಲಿ ಅದನ್ನು 12ಕ್ಕೆ ಇಳಿಸಿದರು. 5ಕ್ಕೆ ಇಳಿದಿದ್ದು 2025ರ ಸೆಪ್ಟೆಂಬರ್ 22ಕ್ಕೆ. ಅಷ್ಟು ಹೊತ್ತಿಗೆ ಎಷ್ಟೋ ಟಾಕೀಸಿಗೆ ಬೀಗ ಬಿದ್ದಾಗಿತ್ತು. ನಡುವೆ ಕೊರೊನಾ. 2020ರ ಮಾರ್ಚಲ್ಲಿ ಮುಚ್ಚಿದೆವು. ಅಕ್ಟೋಬರಲ್ಲಿ ಅರ್ಧ ಸೀಟಿಗೆ ಅನುಮತಿ ಸಿಕ್ಕಿತು, 2021ರಲ್ಲಿ ಎರಡನೇ ಅಲೆಗೆ ಮತ್ತೆ ಬಂದ್. ಪೂರ್ತಿ ಸೀಟು ಅಂತ ಮತ್ತೆ ಒಪ್ಪಿಗೆ ಬಂದಿದ್ದು 2021ರ ಅಕ್ಟೋಬರಿಗೆ. ಮಿಷನ್ನು, ಸ್ಪೀಕರ್, ಪರದೆ ಯಾವುದೂ ಸುಮ್ನೆ ಮುಚ್ಚಿಟ್ಟರೆ ಚೆನ್ನಾಗಿರಲ್ಲ. ಇಲಿ ಕುರ್ಚಿಯ ಸ್ಪಂಜೆಲ್ಲ ತೆಗೆದುಹಾಕಿತ್ತು. ಮಲೆನಾಡಿನ ಮಳೆಗೆ ಪರದೆ ಬೂಸ್ಟು ಹಿಡಿದಿತ್ತು.

ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕುವ ಬಗ್ಗೆ 2025ರಲ್ಲಿ ಅಷ್ಟೊಂದು ಗದ್ದಲ ಆಯಿತು. ಬಜೆಟ್ಟಲ್ಲಿ ಹೇಳಿದರು, ಸೆಪ್ಟೆಂಬರಲ್ಲಿ ಆದೇಶ ಬಂತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಟಿವಿಯಲ್ಲಿ ಮೂರೂ ಹೊತ್ತು ಅದೇ ಚರ್ಚೆ. ನಮ್ಮ ಬಾಲ್ಕನಿಯೇ ನೂರು ರೂಪಾಯಿ. ಆ ಮಿತಿ ಇದ್ದರೂ ಇಲ್ಲದಿದ್ದರೂ ನಮಗೆ ಏನೂ ಆಗುತ್ತಿರಲಿಲ್ಲ. ನಮ್ಮಂಥವರ ಬಗ್ಗೆ ಯಾರೂ ಮಾತಾಡಲಿಲ್ಲ. ನಿಜ ಹೇಳಬೇಕಂದರೆ ಅದೇ ಜಾಸ್ತಿ ನೋವಾಗಿದ್ದು.

ಅಪ್ಪ ಕೊನೆ ವರ್ಷಗಳಲ್ಲಿ ಅಡಿಕೆ ದುಡ್ಡು ತಂದು ಟಾಕೀಸಿಗೆ ಹಾಕಿದರು. ಊರಿಗೆ ಒಂದು ಟಾಕೀಸಾದರೂ ಇರಲಿ ಅಂತ. ಮುಚ್ಚಿದಾಗ ಕೆಲಸದವರ ಲೆಕ್ಕ ಚುಕ್ತಾ ಮಾಡಿ ಮುಚ್ಚಿದರು.

ಕಾಲೇಜ್ ರೋಡ್

ಇದು ಗೊತ್ತಿರಲಿಲ್ಲ. ನಾವು ಹೊರಗಿಂದ ನೋಡಿದ್ದು ಅಷ್ಟೇ. ಒಂದು ಪ್ರಶ್ನೆ. 700 ಸೀಟು ದೊಡ್ಡದಾಯಿತು ಅಂದರೆ ಅದನ್ನೇ ಚಿಕ್ಕದು ಮಾಡಬಹುದಿತ್ತಲ್ವಾ? ಬಾಲ್ಕನಿ ಒಂದು ಪರದೆ, ಕೆಳಗೆ ಒಂದು ಪರದೆ. ಕೇರಳ, ತಮಿಳುನಾಡಿನ ಸಣ್ಣ ಊರುಗಳಲ್ಲಿ ಹಾಗೆ ಮಾಡಿದ್ದನ್ನು ನೋಡಿದ್ದೇನೆ. ಕೆಳಗಡೆ ಜಾಗ ಉಳಿದರೆ ಅಂಗಡಿಗೆ ಬಾಡಿಗೆಗೆ ಕೊಡಬಹುದು.

ಮಾಲೀಕರ ಮನೆಯಿಂದ

ಯೋಚನೆ ಮಾಡಿದ್ದೆವು. ಹೊಸ ಪ್ಲಾನ್, ಹೊಸ ಲೈಸೆನ್ಸ್, ಗೋಡೆ, ಎಸಿ, ಎರಡು ಪ್ರೊಜೆಕ್ಟರು. ಬ್ಯಾಂಕಿನವರು ಟಾಕೀಸು ಅಂದ ತಕ್ಷಣ ಫೈಲ್ ಮುಚ್ಚಿದರು. ಅದೇ ಜಾಗಕ್ಕೆ ಕಮರ್ಷಿಯಲ್ ಕಾಂಪ್ಲೆಕ್ಸ್ ಅಂದಿದ್ದರೆ ಸಾಲ ಸಿಗುತ್ತಿತ್ತು.

ಕಾಸರಗೋಡು ಕನ್ನಡಿಗ

ಕೇರಳದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಇಲ್ಲಿ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವೇ ಟಾಕೀಸು ನಡೆಸುತ್ತದೆ. ತಿರುವನಂತಪುರದಲ್ಲಿ ಕೈರಳಿ, ಶ್ರೀ, ನಿಳಾ ಇವೆ. ಅಷ್ಟೇ ಅಲ್ಲ, ಚಿತ್ತೂರು, ಪರವೂರು, ಚೇರ್ತಲದಂಥ ಸಣ್ಣ ಊರುಗಳಲ್ಲೂ ಇವೆ. ಅಲ್ಲೂ ತೊಂದರೆ ಇಲ್ಲ ಅಂತ ಅಲ್ಲ. ಆದರೆ ಲೈಬ್ರರಿ ಥರ ಟಾಕೀಸೂ ಊರಿಗೆ ಬೇಕಾದ ಜಾಗ ಅಂತ ಸರ್ಕಾರ ಒಪ್ಪಿಕೊಂಡಿದೆ. ಕರ್ನಾಟಕದಲ್ಲಿ 2025ರ ಬಜೆಟ್ಟಲ್ಲಿ ಸಿನಿಮಾಕ್ಕೆ ಉದ್ಯಮದ ಸ್ಥಾನ ಕೊಡುತ್ತೇವೆ, ಸರ್ಕಾರದ್ದೇ ಓಟಿಟಿ ಮಾಡುತ್ತೇವೆ ಅಂದರು. ಓಟಿಟಿಗಿಂತ ಮೊದಲು ತಾಲೂಕಿಗೆ ಒಂದು 150 ಸೀಟಿನ ಹಾಲ್ ಮಾಡಿದರೆ ಎಷ್ಟೋ ಚೆನ್ನಾಗಿರುತ್ತದೆ.

ಸಾಗರದ ಕಡೆಯವ

ಹಾಲ್ ಇಲ್ಲ ಅಂತ ಯಾಕಂತೀರಿ? ಎಷ್ಟೋ ತಾಲೂಕಿನಲ್ಲಿ ರಂಗಮಂದಿರ ಇದೆ, ಅಂಬೇಡ್ಕರ್ ಭವನ ಇದೆ, ಕಾಲೇಜಿನ ಸಭಾಂಗಣ ಇದೆ. ವರ್ಷದ ಹೆಚ್ಚು ದಿನ ಬೀಗ ಹಾಕಿರುತ್ತೆ. ಹೆಗ್ಗೋಡು ನಮ್ಮ ತಾಲೂಕಿನ ಒಂದು ಹಳ್ಳಿ. ಅಲ್ಲಿ ಕೆ.ವಿ. ಸುಬ್ಬಣ್ಣ ಅವರು 1973ರಲ್ಲೇ ನೀನಾಸಂ ಚಿತ್ರಸಮಾಜ ಶುರು ಮಾಡಿದರು. ಹಳ್ಳಿಯವರಿಗೆ ಜಗತ್ತಿನ ಸಿನಿಮಾ ಅರ್ಥ ಆಗಲ್ಲ ಅಂದವರಿದ್ದರು. ಅಡಿಕೆ ಕೊಯ್ಯುವವರು ಕೂತು ಜಪಾನಿನ, ಸ್ವೀಡನ್ನಿನ ಸಿನಿಮಾ ನೋಡಿ ಅದರ ಬಗ್ಗೆ ಮಾತಾಡಿದರು. ದೊಡ್ಡ ಕಟ್ಟಡ ಬೇಕಾಗಿರಲಿಲ್ಲ. ನಡೆಸುವ ಜನ ಬೇಕಾಗಿತ್ತು.

ಹಳೇ ಹಂಚಿಕೆ

ಚಿತ್ರಸಮಾಜದ ಬಗ್ಗೆ ನನಗೆ ಬಹಳ ಗೌರವ. ಆದರೆ ಅದು ಟಾಕೀಸಿಗೆ ಬದಲಿ ಅಲ್ಲ. ಟಾಕೀಸಿಗೆ ಬರುತ್ತಿದ್ದವನು ದಿನಗೂಲಿಯವನು. ಅವನಿಗೆ ಈ ವಾರದ ಹೊಸ ಸಿನಿಮಾ ಬೇಕು, ತನ್ನ ನಟನನ್ನು ದೊಡ್ಡ ಪರದೆ ಮೇಲೆ ನೋಡಬೇಕು. ಟಿಕೆಟ್ ಹಾಕಿ ಹೊಸ ಸಿನಿಮಾ ತೋರಿಸಬೇಕಾದರೆ 1964ರ ಸಿನಿಮಾ ನಿಯಂತ್ರಣ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಆ ಕಾಯ್ದೆ, 1971ರ ನಿಯಮ ಎಲ್ಲ ಫಿಲ್ಮಿಗೆ ಬೆಂಕಿ ಹತ್ತುತ್ತೆ ಅನ್ನುವ ಕಾಲದ ಭಯ ಇಟ್ಟುಕೊಂಡು ಬರೆದವು. 100 ಸೀಟಿನ ಡಿಜಿಟಲ್ ಹಾಲಿಗೆ ಹಗುರವಾದ ಬೇರೆ ಲೈಸೆನ್ಸ್ ಕೊಟ್ಟರೆ ಅರ್ಧ ದಾರಿ ಸಲೀಸು. ಹಿಂದೆ ಟೂರಿಂಗ್ ಟಾಕೀಸಿಗೆ ಬೇರೆ ಲೈಸೆನ್ಸ್ ಇರಲಿಲ್ವಾ? ಹಾಗೆ. ಇನ್ನರ್ಧ ನಮ್ಮ ಹಂಚಿಕೆಯವರು ಮಾಡಬೇಕು. ಸಣ್ಣ ಊರಿಗೆ ಮಿನಿಮಮ್ ಗ್ಯಾರಂಟಿ ಕೇಳಬಾರದು. ಬಂದಿದ್ದರಲ್ಲಿ ಪರ್ಸೆಂಟೇಜ್ ತೆಗೆದುಕೊಳ್ಳಬೇಕು. ಮಲ್ಟಿಪ್ಲೆಕ್ಸಿಗೆ ಹಾಗೇ ಕೊಡುತ್ತಾರಲ್ಲ, ಇವರಿಗೆ ಯಾಕೆ ಆಗಲ್ಲ?

ಬಯಲುಸೀಮೆ

ಟೆಂಟಿನ ಮಾತು ಬಂದಿದ್ದಕ್ಕೆ. ಆಟ ಶುರುವಾಗುವ ಮುಂಚೆ ‘ನಮೋ ವೆಂಕಟೇಶ’ ಹಾಡು ಹಾಕುತ್ತಿದ್ದರು. ಅದು ಮೈಕಲ್ಲಿ ಕೇಳಿದ ತಕ್ಷಣ ಹೊಲದಿಂದಲೇ ಓಡುತ್ತಿದ್ದೆವು. ಟಿಕೆಟ್ ಕೊಡಲು ಶುರು ಮಾಡಿದರು ಅಂತ. ನೆಲದ ಟಿಕೆಟ್ಟಿಗೆ ಮರಳು ಗುಡ್ಡೆ ಮಾಡಿಕೊಂಡು ಕೂರುತ್ತಿದ್ದೆವು, ಮುಂದಿನವನ ತಲೆ ಅಡ್ಡ ಬರದ ಹಾಗೆ. ಈಗ ಟೆಂಟಿನ ಲೈಸೆನ್ಸ್ ಯಾರಾದರೂ ಕೇಳಿದರೆ ಕೊಡ್ತಾರಾ?

ಮಾಜಿ ಆಪರೇಟರ್

ನಿಯಮದಲ್ಲಿ ಇದೆ. ಕೇಳುವವರು ಇಲ್ಲ.

ಒಂದು ಮಾತು ಮಾಲೀಕರ ಮನೆಯವರಿಗೆ. ನಿಮ್ಮ ಹಳೇ ಪ್ರೊಜೆಕ್ಟರ್ ಏನಾಯಿತು? ಎಷ್ಟೋ ಕಡೆ ಕೆಜಿ ಲೆಕ್ಕದಲ್ಲಿ ಕಬ್ಬಿಣಕ್ಕೆ ಹಾಕಿದರು. ಇನ್ನೂ ಇದ್ದರೆ ದಯವಿಟ್ಟು ಮಾರಬೇಡಿ. ಊರಿನ ಕಾಲೇಜಿಗೋ ಹೈಸ್ಕೂಲಿಗೋ ಕೊಡಿ. ನಾನು ಬಂದು ಜೋಡಿಸಿಕೊಡುತ್ತೇನೆ, ಮಕ್ಕಳಿಗೆ ತೋರಿಸುತ್ತೇನೆ. ದುಡ್ಡು ಬೇಡ.

ಮಾಲೀಕರ ಮನೆಯಿಂದ

ಒಂದು ಮಿಷನ್ ಇದೆ ಅಣ್ಣಾ. ಇನ್ನೊಂದನ್ನು ಆಗಲೇ ಕೊಟ್ಟುಬಿಟ್ಟರು. ಕೆಲವು ಲೆನ್ಸು, ಫಿಲ್ಮ್ ಅಂಟಿಸುವ ಸ್ಪ್ಲೈಸರು, ಸ್ಲೈಡಿನ ಪೆಟ್ಟಿಗೆಯೂ ಇದೆ. ಅಪ್ಪನನ್ನು ಕೇಳಿ ಹೇಳುತ್ತೇನೆ.

ಲೇಡೀಸ್ ಕೌಂಟರ್

ಹಂಚಿಕೆಯವರು ಹೇಳಿದ ಸಣ್ಣ ಹಾಲಿನ ಲೈಸೆನ್ಸ್ ಬಗ್ಗೆ ಒಂದು ಮನವಿ ಬರೆಯೋಣ. ನಮ್ಮ ಶಾಸಕರಿಗೂ ಕೊಡೋಣ, ಜಿಲ್ಲಾಧಿಕಾರಿಗೂ ಕೊಡೋಣ. ಲೈಸೆನ್ಸ್ ಕೊಡುವವರು ಅವರೇ ತಾನೆ. ನಮ್ಮ ಸ್ತ್ರೀಶಕ್ತಿ ಸಂಘದವರ ಸಹಿ ನಾನು ಹಾಕಿಸಿಕೊಂಡು ಬರುತ್ತೇನೆ. ಆದರೆ ಮನವಿಯಲ್ಲಿ ಎರಡು ವಿಷಯ ಇರಲೇಬೇಕು. ಹೆಂಗಸರಿಗೆ ನೀರಿರುವ, ಬಾಗಿಲಿರುವ ಶೌಚಾಲಯ. ವಾರಕ್ಕೆ ಎರಡು ದಿನವಾದರೂ ಮನೆಮಂದಿ ಕೂತು ನೋಡುವಂಥ ಸಿನಿಮಾಕ್ಕೆ ಮ್ಯಾಟಿನಿ. ಇವೆರಡೂ ಇಲ್ಲದೆ ನೂರು ಸೀಟಿನ ಹಾಲ್ ಕಟ್ಟಿದರೂ ಅದೂ ಮುಚ್ಚುತ್ತೆ.

ತುಂಗಾತೀರ

ಕರಡು ನಾನು ಬರೆಯುತ್ತೇನೆ. ತೆರಿಗೆ, ಲೈಸೆನ್ಸ್ ಭಾಗವನ್ನು ಹಳೇ ಹಂಚಿಕೆಯವರು ಒಮ್ಮೆ ನೋಡಿ ತಿದ್ದಿಕೊಡಿ. ನಿಮ್ಮ ಎರಡು ವಿಷಯವನ್ನು ಮೊದಲೇ ಹಾಕುತ್ತೇನೆ ಅಕ್ಕಾ, ಕೊನೆಗೆ ಅಲ್ಲ.

ಹಳೇ ಹಂಚಿಕೆ

ಕಳಿಸಿ. ಕಟ್ಟಡದ ಅಳತೆ, ಬಾಗಿಲು ಎಷ್ಟಿರಬೇಕು ಅನ್ನುವ ನಿಯಮಗಳ ಹಳೇ ಪುಸ್ತಕ ನನ್ನ ಹತ್ತಿರ ಇದೆ. ಯಾವ ಷರತ್ತು ಸಣ್ಣ ಹಾಲಿಗೆ ಬೇಡವೋ ಅದಕ್ಕೆ ಗುರುತು ಹಾಕಿ ಕೊಡುತ್ತೇನೆ. ಬೆಂಕಿ ಅನಾಹುತದ ಷರತ್ತು ಮಾತ್ರ ಒಂದೂ ಬಿಡೋದು ಬೇಡ.